ನೆರೆಯೂ ಪಹಣಿಯೂ

2019ರ ಆಗಸ್ಟ್ ತಿಂಗಳ ಅತಿವೃಷ್ಟಿಯನ್ನು ತಾಳಲಾರದೆ ಮುಂಡಗೋಡ ತಾಲೂಕಿನ ಚಿಗಳ್ಳಿ ಜಲಾಶಯದ ಒಡ್ಡು ಒಡೆದು, ಕೆಳಗಿನ ಗದ್ದೆಬಯಲನ್ನು ನೀರು ಆಕ್ರಮಿಸಿದಾಗ, ಪಹಣಿಯಲ್ಲಿ ಹೆಸರಿದ್ದವರಿಗೂ ಅದೇ ಗದ್ದೆಯಲ್ಲಿ ಕೂಲಿಗೆ ನಾಟಿ ಮಾಡಿದವರಿಗೂ ಒದಗಿದ ನಷ್ಟ ಒಂದೇ ಬಗೆಯದಾಗಿರಲಿಲ್ಲ. ಮೊದಲಿನವರ ಬೆಳೆಹಾನಿಗೆ ಸರಕಾರದ ಕಡತದಲ್ಲಿ ಒಂದು ಅಂಕಣವಿರುತ್ತದೆ. ಎರಡನೆಯವರು ಕಳೆದುಕೊಂಡ ಕಳೆ-ಕೊಯ್ಲುಗಳ ಕೂಲಿಗೆ ಅದಿಲ್ಲ.

ಆ ವರ್ಷ ಸಂತ್ರಸ್ತ ಕುಟುಂಬಕ್ಕೆ ತುರ್ತಾಗಿ 10 ಸಾವಿರ, ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿಗಳೆಂದು ಸರಕಾರ ಸಾರಿತು. ಮೊತ್ತ ಅಲ್ಪವಲ್ಲ. ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿ, ಕುಣಬಿ, ಗೌಳಿ ಜನರಲ್ಲಿ ಅನೇಕರ ಮನೆಯ ನೆಲವೇ ದಾಖಲೆಯಲ್ಲಿ ಅರಣ್ಯವಾಗಿರುವುದರಿಂದ, ಗೋಡೆ ಬಿದ್ದಾಗ ಏಳುವ ಮೊದಲ ಪ್ರಶ್ನೆ ನೆಲ ಯಾರದೆಂಬುದೇ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳು 2006ರ ಅರಣ್ಯಹಕ್ಕು ಕಾಯ್ದೆಯಂತೆ 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭೋಗವನ್ನು ತೋರಿದರೆ ಸಾಕು; ಆ ಪಟ್ಟಿಯ ಹೊರಗುಳಿದ ಕುಣಬಿಗಳಾದರೋ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯವನ್ನೊದಗಿಸಬೇಕು. ಕಾಡು ಒಂದೇ, ಮಳೆ ಒಂದೇ. ರುಜುವಾತಿನ ಭಾರ ಮಾತ್ರ ಬೇರೆ.

ಇಳಿಯದ ನೆರೆಯೊಂದನ್ನೂ ಈ ಸೀಮೆ ಕಂಡಿದೆ. 101 ಮೀಟರ್ ಎತ್ತರದ ಅಣೆಕಟ್ಟು ಎದ್ದುದರಿಂದ ಕಾಳಿ-ಪಾಂಡರಿ ನದಿಗಳ ಸಂಗಮದಲ್ಲಿದ್ದ ಹಳೆಯ ಸೂಪಾ ಪಟ್ಟಣ ಮುಳುಗಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂದಿತು, ನಿರ್ವಸಿತರು ರಾಮನಗರಕ್ಕೆ ಹೋದರು. ನಾಡಿಗೆಲ್ಲ ಬೆಳಕನ್ನೀಯಲೆಂದು ಸಂಚಯಿಸಿದ ನೀರಿಗಾಗಿ ಮನೆಬಿಟ್ಟವರನ್ನು ವಿಪತ್ತಿಗೀಡಾದವರೆಂದು ನಾವು ಕರೆಯುವ ರೂಢಿಯಿಲ್ಲ. ಕರೆಯಬೇಕೆಂದೇ ನನ್ನ ಅಭಿಪ್ರಾಯ.

ಬಡವರು ಗಟ್ಟಿಗರು, ಹೇಗಾದರೂ ಚೇತರಿಸಿಕೊಳ್ಳುತ್ತಾರೆ ಎಂಬ ಪೇಟೆಯವರ ಹೊಗಳಿಕೆಯೂ ನನಗೆ ರುಚಿಸದು. ಆದರೂ ಅವರ ಉಪಾಯಗಳು ಸಾಮಾನ್ಯವಲ್ಲ. ಕುಸಿದ ಮಾಡನ್ನು ಮುಯ್ಯಾಳಿನ ಲೆಕ್ಕದಲ್ಲಿ ನೆರೆಹೊರೆಯವರೇ ಕೂಡಿ ಎತ್ತಿ ನಿಲ್ಲಿಸುವುದುಂಟು. ಹಳೆಯ ಸೀರೆಗಳ ಚೂರುಗಳನ್ನು ಕೂಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಮಳೆಗಾಲದ ಚಳಿಗೆ ಆಸರೆ. ಎಲ್ಲಕ್ಕೂ ಮಿಗಿಲಾಗಿ, ಜೋಯಿಡಾದ ಕುಣಬಿಗಳು ಹಿತ್ತಲಿನ ಏರುಮಡಿಗಳಲ್ಲಿ ನಾನಾ ಬಗೆಯ ಗೆಡ್ಡೆ-ಗೆಣಸುಗಳನ್ನು ಬೆಳೆಯುತ್ತಾರೆ: ಭತ್ತದ ತೆನೆ ಮಳೆಗೆ ಸಿಕ್ಕಿ ಕೊಳೆತ ವರ್ಷವೂ ನೀರು ನಿಲ್ಲದ ಏರಿಯ ಮಣ್ಣಿನೊಳಗೆ ಇವು ಉಳಿದಾವು, ಬೇಕಾದಾಗ ಅಗೆದು ಬೇಯಿಸಬಹುದು, ಉಳಿದುದು ಜೋಯಿಡಾದ ಗೆಡ್ಡೆ-ಗೆಣಸು ಮೇಳದಲ್ಲಿ ಮಾರಾಟವಾಗುತ್ತದೆ. ಆದರೆ ಆ ಹಿತ್ತಲಿಗೂ ಪಹಣಿಯಿಲ್ಲದಿದ್ದಲ್ಲಿ, ಮರುವರ್ಷದ ಬೀಜಕ್ಕೆ ಬ್ಯಾಂಕಿನ ಬೆಳೆಸಾಲವನ್ನು ಪಡೆಯುವುದು ದುಸ್ತರ. ಊರಿನ ಸಾಹುಕಾರನಾದರೋ ಪಹಣಿಯನ್ನು ಕೇಳುವುದಿಲ್ಲ, ಬಡ್ಡಿಯನ್ನಷ್ಟೇ ಹೇಳುತ್ತಾನೆ.