ಬಲ್ಬಿನ ಉಸಿರು ನೋಡಿ ರೋಗ ಹೇಳುವವರು

ಕುಮಾರಪಟ್ಟಣದಲ್ಲಿ ಕರೆಂಟು ಹೋದರೆ ಹೆಸ್ಕಾಂಗೆ ಫೋನು ಮಾಡಬೇಕು. ತುಂಗಭದ್ರೆ ದಾಟಿ ಹರಿಹರಕ್ಕೆ ಕಾಲಿಟ್ಟರೆ ಬೆಸ್ಕಾಂ. ಜನರೇಟರು ಕೈಕೊಟ್ಟಾಗ ಮಾತ್ರ ಎರಡೂ ದಡದವರು ಹುಡುಕಿಕೊಂಡು ಬರುವುದು ಒಂದೇ ತಗಡಿನ ಶೆಡ್ಡಿಗೆ. ಬೋರ್ಡಿಲ್ಲ. ಬಾಗಿಲ ಪಕ್ಕ ಸುಟ್ಟ ತಾಮ್ರದ ತಂತಿಯ ಗುಡ್ಡೆ, ಒಳಗೆ ವಾರ್ನಿಶ್ ವಾಸನೆ. ಗೋಡೆಗೊಂದು ಹಲಗೆ, ಹಲಗೆಯ ಮೇಲೆ ಸಾಲಾಗಿ ಆರು ಹೋಲ್ಡರು. ಐದರಲ್ಲಿ ಹಳೇ ಕಾಲದ ನೂರು ವ್ಯಾಟಿನ ಬಲ್ಬು, ಆರನೆಯದು ಖಾಲಿ. ನಾನು ಹೋದದ್ದು ಈ ಬಲ್ಬುಗಳ ಸುದ್ದಿ ಕೇಳಿ.

ಶೆಡ್ಡಿನ ಯಜಮಾನರಿಗೆ ಎಪ್ಪತ್ತರ ಹತ್ತಿರ. ಪೇಪರಿನಲ್ಲಿ ಹೆಸರು ಬೇಡವೆಂದರು, ಊರವರಿಗೆ ಅವರು ಬರೀ ಮಿಸ್ತ್ರಿ. ಮೀಟರು ಅವರ ಬಳಿಯೂ ಇದೆ, ಆದರೆ ಅದನ್ನು ತೆಗೆಯುವುದು ಎರಡನೇ ಹಂತಕ್ಕೆ. "ಮೀಟರು ಒಂದು ನಂಬರ್ ತೋರಿಸಿ ಸುಮ್ಮನಾಗ್ತೈತ್ರಿ ಸರ. ಬಲ್ಬು ಹಂಗಲ್ಲ, ಉಸಿರಾಡ್ತೈತಿ."

ಇದರಲ್ಲಿ ಲೆಕ್ಕವಿದೆ. ವೋಲ್ಟೇಜ್ ನೂರಕ್ಕೆ ಹತ್ತು ಭಾಗ ಇಳಿದರೆ ತಂತಿ ಬಲ್ಬಿನ ಬೆಳಕು ಮೂವತ್ತು ಭಾಗದಷ್ಟು ಇಳಿಯುತ್ತದೆ. 230 ಇರಬೇಕಾದದ್ದು 205ಕ್ಕೆ ಬಂದರೆ ಸಾಕು, ಬಲ್ಬು ಕೆಂಪಗಾಗಿ ತಾನೇ ಹೇಳಿಬಿಡುತ್ತದೆ. ಈಗಿನ ಎಲ್‌ಇಡಿ ಎಷ್ಟೋ ವೋಲ್ಟೇಜ್ ಇಳಿದರೂ ಅಷ್ಟೇ ಬೆಳ್ಳಗೆ ಉರಿಯುತ್ತದೆ. ಮನೆಯವರು ಲೈಟು ಚೆನ್ನಾಗಿದೆ ಎಂದುಕೊಂಡು ಕೂತಿರುತ್ತಾರೆ, ಅಡುಗೆಮನೆಯಲ್ಲಿ ಫ್ರಿಜ್ಜಿನ ಕಂಪ್ರೆಸರ್ ಗುಂಯ್‌ಗುಟ್ಟುತ್ತ ಒಳಗೇ ಬೇಯುತ್ತಿರುತ್ತದೆ.

ನಾನು ಹೋದ ದಿನ ರಾಣೇಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಮನೆಯಿಂದ 15 ಕೆವಿಎ ಜನರೇಟರು ಬಂದಿತ್ತು. ಮೊಬೈಲ್ ಟವರಿನ ಬುಡದಲ್ಲಿ ವರ್ಷಗಟ್ಟಲೆ ದುಡಿದು, ಟವರಿಗೆ ಕರೆಂಟು ಗಟ್ಟಿಯಾದ ಮೇಲೆ ಗುಜರಿ ಸೇರಿ, ಅಲ್ಲಿಂದ ಅಗ್ಗಕ್ಕೆ ಮನೆಗೆ ಬಂದದ್ದು. ಎರಡು ವರ್ಷ ಗೋಡೌನಿನಲ್ಲಿ ಬಿದ್ದಿತ್ತಂತೆ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಬಲ್ಬು ಮಾತ್ರ ಹತ್ತಲಿಲ್ಲ.

ಮಿಸ್ತ್ರಿ ಮೀಟರು ಹಚ್ಚಿದರು. ಒಂದು ವೋಲ್ಟೂ ಇಲ್ಲ.

"ನಾಕೋ ಐದೋ ಇದ್ದಿದ್ರ ಎವಿಆರ್ ಮ್ಯಾಲೆ ಸಂಶಯ ಪಡಬಹುದಿತ್ತು. ಇದ್ರ ಕಬ್ಬಿಣಾನ ಮರ್ತುಬಿಟ್ಟೈತಿ."

ಎವಿಆರ್ ಅಂದರೆ ಜನರೇಟರಿನ ವೋಲ್ಟೇಜನ್ನು ಹದದಲ್ಲಿಡುವ ಸರ್ಕ್ಯೂಟು. ಕಬ್ಬಿಣ ಮರೆತದ್ದು ಕಾಂತವನ್ನು. ಜನರೇಟರಿನೊಳಗೆ ಶಾಶ್ವತ ಅಯಸ್ಕಾಂತ ಇರಲೇಬೇಕೆಂದಿಲ್ಲ. ಹಿಂದಿನ ಸಲ ಓಡಿದಾಗಿನ ಕಾಂತ ಕಬ್ಬಿಣದಲ್ಲಿ ಒಂಚೂರು ಉಳಿದಿರುತ್ತದೆ. ಆ ಒಂಚೂರಿನಿಂದ ನಾಲ್ಕು ವೋಲ್ಟು ಹುಟ್ಟಿ, ಆ ನಾಲ್ಕು ವೋಲ್ಟು ಫೀಲ್ಡ್ ಸುರುಳಿಗೆ ಹೋಗಿ ಕಾಂತವನ್ನು ಬೆಳೆಸಿ, ಬೆಳೆದ ಕಾಂತ ಮತ್ತಷ್ಟು ವೋಲ್ಟು ಕೊಟ್ಟು, ನೋಡನೋಡುತ್ತ 230ಕ್ಕೆ ಏರುತ್ತದೆ. ಹೆಪ್ಪಿಗೆ ಒಂದು ಹನಿ ಮಜ್ಜಿಗೆ ಇದ್ದಂತೆ. ಜರ್ಮನಿಯ ವೆರ್ನರ್ ಸೀಮೆನ್ಸ್ 1866ರಲ್ಲಿ ಕಂಡುಕೊಂಡ ಉಪಾಯವಿದು. ಇಂಗ್ಲೆಂಡಿನ ವೀಟ್‌ಸ್ಟನ್ನನಿಗೂ ಅದೇ ಹೊತ್ತಿಗೆ ಹೊಳೆದಿತ್ತು. ಬಹಳ ದಿನ ನಿಂತ ಯಂತ್ರದಲ್ಲಿ ಆ ಹೆಪ್ಪೇ ಆರಿಹೋಗಿರಬಹುದು.

ಮಿಸ್ತ್ರಿ ಎಂಜಿನ್ ನಿಲ್ಲಿಸಿ, ಫೀಲ್ಡಿನ ಎರಡು ವೈರನ್ನು ಎವಿಆರ್‌ನಿಂದ ಬಿಡಿಸಿದರು. ಬಿಡಿಸದೆ ಬ್ಯಾಟರಿ ಹಚ್ಚಿದರೆ ಎವಿಆರ್ ಸುಡಬಹುದು. ಎಂಜಿನ್ ಮತ್ತೆ ಓಡಿಸಿ, 12 ವೋಲ್ಟಿನ ಬ್ಯಾಟರಿ ತಂದು, ನಡುವೆ ಲಾರಿಯ ಇಂಡಿಕೇಟರ್ ಬಲ್ಬೊಂದನ್ನು ಸೇರಿಸಿ, ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ನೋಡಿ ಮುಟ್ಟಿಸಿದರು. ಚಿಕ್ಕ ಬಲ್ಬು ಮಂದವಾಗಿ ಹತ್ತಿತು. ಹಲಗೆಯ ಮೇಲಿನ ಐದೂ ಬಲ್ಬು ಮೊದಲು ಕೆಂಡದಂತೆ, ಆಮೇಲೆ ಹಳದಿಯಾಗಿ ಬೆಳಗಿದವು. ಅಂದರೆ ಸುರುಳಿ ಸರಿ, ಒಳಗೆ ತಿರುಗುವ ಡಯೋಡುಗಳೂ ಹೆಚ್ಚುಕಡಿಮೆ ಸರಿ. ಬ್ಯಾಟರಿ ತೆಗೆದು, ಎಂಜಿನ್ ನಿಲ್ಲಿಸಿ, ವೈರು ವಾಪಸು ಜೋಡಿಸಿ ಮತ್ತೆ ಸ್ಟಾರ್ಟ್ ಮಾಡಿದರು. ಈ ಸಲ ತಾನೇ ಏರಿತು. 232.

ನನಗೆ ಕೆಲಸ ಮುಗಿಯಿತೆನಿಸಿತು. ಅವರು ಶೆಡ್ಡಿನ ಎರಡು ಮೋಟಾರನ್ನೂ ಚಾಲೂ ಮಾಡಿದರು. ಬಲ್ಬುಗಳು ಕುಗ್ಗಿದವು, ಮೀಟರಿನಲ್ಲಿ 180. ಮಿಸ್ತ್ರಿ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಕಣ್ಣು ಮುಚ್ಚಿ ನಿಂತರು.

"ಎಂಜಿನ್ನು ಏನಂತೈತಿ ಕೇಳ್ರಿ ಮೊದ್ಲ."

ಇಂಥ ನಾಲ್ಕು ಧ್ರುವದ ಯಂತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸ್. ಲೋಡ್ ಬಿದ್ದಾಗ ಸುತ್ತು ಇಳಿದರೆ ಹರ್ಟ್ಸೂ ಇಳಿಯುತ್ತದೆ. 47ರ ಆಸುಪಾಸಿಗೆ ಬಂದರೆ ಎವಿಆರ್, ಯಂತ್ರ ಸುಡದಿರಲೆಂದು, ತಾನಾಗಿ ವೋಲ್ಟೇಜ್ ತಗ್ಗಿಸುತ್ತದೆ. ಕಾಯಿಲೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನದಲ್ಲ, ಎಂಜಿನ್ನಿನದು. ಡೀಸೆಲ್ ಫಿಲ್ಟರು ಬಿಚ್ಚಿದಾಗ ಕರಿ ಲೋಳೆ ಇಳಿಯಿತು. ಹೊಸದು ಹಾಕಿ, ಡೀಸೆಲ್ ಪೈಪಿನ ಗಾಳಿ ತೆಗೆದು ಮತ್ತೆ ಓಡಿಸಿದರೆ ಅದೇ ಲೋಡಿಗೆ 228.

ಸ್ಕ್ರೂ ಮುಟ್ಟುವ ಮೊದಲು ಎಂಜಿನ್ನಿನ ಮಾತು ಕೇಳಬೇಕೆಂಬ ಈ ಒಂದು ವಿಷಯಕ್ಕಾಗಿಯೇ ನಾನು ಇದನ್ನು ಬರೆಯಬೇಕೆಂದುಕೊಂಡೆ. ನಮ್ಮ ಮನೆಗೂ ಒಮ್ಮೆ ಹೀಗೇ ಹಳೇ ಜನರೇಟರು ತಂದಿದ್ದೆವು. ಲೋಡಿಗೆ ವೋಲ್ಟೇಜ್ ಇಳಿಯುತ್ತಿದೆ ಎಂದಾಗ ಬಂದ ಹುಡುಗ ಎಂಜಿನ್ನಿನ ಕಡೆ ನೋಡಲೇ ಇಲ್ಲ, ಎವಿಆರ್‌ನ ಸ್ಕ್ರೂ ತಿರುಗಿಸಿ 220 ಮಾಡಿ ಹೋದ. ರಾತ್ರಿ ನೀರಿನ ಮೋಟಾರು ಆಫ್ ಆದದ್ದೇ ಎಂಜಿನ್ ಹಗುರಾಯಿತು, ವೋಲ್ಟೇಜ್ 260 ದಾಟಿತು. ಫ್ರಿಜ್ಜು ಹೋಯಿತು, ಟಿವಿ ಹೋಯಿತು. ಸ್ಕ್ರೂ ಸುಳ್ಳು ಹೇಳಿತ್ತು, ಮನೆಯಲ್ಲಿ ತಂತಿ ಬಲ್ಬೊಂದಿದ್ದರೆ ಕಣ್ಣು ಕುಕ್ಕುವಷ್ಟು ಉರಿದು ನಿಜ ತಿಳಿಸುತ್ತಿತ್ತು.

ಬಲ್ಬಿಗೆ ಗೊತ್ತಾಗುವ ರೋಗಗಳು ಇನ್ನೂ ಇವೆ. ಐದೂ ಬಲ್ಬು ಒಟ್ಟಿಗೆ ಏರಿ ಇಳಿಯುತ್ತಿದ್ದರೆ ಎಂಜಿನ್ನಿನ ವೇಗ ಕಾಯುವ ಗವರ್ನರ್ ಇಲ್ಲವೇ ಎವಿಆರ್ ತಡಕಾಡುತ್ತಿದೆ. ಮೂರು ಫೇಸಿನಲ್ಲಿ ಒಂದು ಉರಿದು ಬೆಳ್ಳಗಾಗಿ ಉಳಿದೆರಡು ಮಂಕಾದರೆ ನ್ಯೂಟ್ರಲ್ ಸಡಿಲ. ಆಗ ಎಂಜಿನ್ ಕೂಡಲೇ ಬಂದ್ ಮಾಡಬೇಕು, ಒಂದೇ ಫೇಸಿಗೆ 300ರ ಮೇಲೆ ಹೋಗಬಹುದು. ಇನ್ನು ಸುರುಳಿಯೇ ಸುಟ್ಟಿದ್ದರೆ ಹಳೇ ತಂತಿಯ ಸುತ್ತು ಎಣಿಸಿ, ಗೇಜು ಅಳೆದು, ಹೊಸದು ಸುತ್ತಿ, ವಾರ್ನಿಶ್ ಕುಡಿಸಿ ಒಣಗಿಸಬೇಕು. ಅದು ಮೂರು ದಿನದ ಕೆಲಸ.

ಈ ವಿದ್ಯೆ ಇಲ್ಲಿಗೆ ಹೇಗೆ ಬಂತು? ಮಿಸ್ತ್ರಿ ಹೇಳುವ ಪ್ರಕಾರ ಎಲ್ಲವೂ ಹೊಳೆಯ ದಂಡೆಯ ಕಾರ್ಖಾನೆಗಳಿಂದ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತುಗಳನ್ನು ಮಾಡಿತು. 1972ರಲ್ಲಿ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಮೋಟಾರುಗಳು ಬಂದಲ್ಲಿ ವೈಂಡಿಂಗ್ ಮಾಡುವವರೂ ಬೇಕಾದರು. ಅಲ್ಲಿ ಕೈ ಪಳಗಿಸಿಕೊಂಡವರು ಹೊರಗೆ ಶೆಡ್ಡು ಹಾಕಿದರು. ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎರಡು ದಶಕ ದಾಟಿದೆ. ಮಿಸ್ತ್ರಿಗೆ ಕೆಲಸ ಕಲಿಸಿದ ಗುರುಗಳು ಇಂದು ಇಲ್ಲ.

ವ್ಯಾಪಾರಿ ಹೊರಡುವ ಮುನ್ನ ಮಿಸ್ತ್ರಿ ಅವರನ್ನು ಕೇಳಿದ್ದು ಒಂದೇ: "ಚೇಂಜ್ ಓವರ್ ಸ್ವಿಚ್ ಐತೇನ್ರಿ ಮನ್ಯಾಗ?" ಇಲ್ಲ, ಪ್ಲಗ್ಗಿಗೇ ವೈರು ಹಚ್ಚುತ್ತೇವೆ ಎಂದರು ವ್ಯಾಪಾರಿ. ಮಿಸ್ತ್ರಿಯ ಮುಖ ಗಟ್ಟಿಯಾಯಿತು. ಬೀದಿಯ ತಂತಿಯನ್ನು ಮನೆಯಿಂದ ಬೇರ್ಪಡಿಸುವ ಆ ಸ್ವಿಚ್ಚಿಲ್ಲದೆ ಹಾಗೆ ಹಚ್ಚಿದರೆ ಮನೆಯ 230 ವೋಲ್ಟು ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹೋಗಿ 11,000 ಆಗಿ ತಂತಿಗೆ ಏರಬಲ್ಲದು. ಕರೆಂಟಿಲ್ಲವೆಂದು ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಇರುತ್ತಾನೆ. ಸ್ವಿಚ್ ಹಾಕಿಸಿದ ಮೇಲೆ ಬಂದು ಒಯ್ಯಿರಿ ಎಂದು ಜನರೇಟರನ್ನು ಶೆಡ್ಡಿನಲ್ಲೇ ಉಳಿಸಿಕೊಂಡರು. ವ್ಯಾಪಾರಿ ಏನೂ ಮಾತಾಡದೆ ಹೋದರು.

ಈಗ ಮನೆಗಳಿಗೆ ಇನ್ವರ್ಟರು ಬಂದಿದೆ, ಸೋಲಾರ್ ಬರುತ್ತಿದೆ. ಐಟಿಐ ಮುಗಿಸಿದ ಹುಡುಗರಿಬ್ಬರು ಕಲಿಯಲು ಬಂದು ಬಿಟ್ಟು ಹೋದರಂತೆ, ಎವಿಆರ್ ಬದಲಿಸುವುದರಲ್ಲೇ ದುಡ್ಡು ಬೇಗ. ಅವರ ಮೇಲೆ ಮಿಸ್ತ್ರಿಗೆ ಸಿಟ್ಟಿಲ್ಲ. ಬೇಸರ ಇರುವುದು ಬಲ್ಬುಗಳದ್ದು. 2015ರ ಕೊನೆಗೆ 'ಹೊಸ ಬೆಳಕು' ಯೋಜನೆಯ ಒಂಬತ್ತು ವ್ಯಾಟಿನ ಎಲ್‌ಇಡಿ ಮನೆಮನೆಗೆ ಬಂದ ಮೇಲೆ ನೂರು ವ್ಯಾಟಿನದು ಅಂಗಡಿಗಳಿಂದ ಮೆಲ್ಲಗೆ ಕಾಣೆಯಾಯಿತು. ಬ್ಯಾಡಗಿ, ಹಾವೇರಿ, ದಾವಣಗೆರೆ ಎಲ್ಲ ಅಲೆದಿದ್ದಾರೆ. ಟ್ರಂಕಿನಿಂದ ಹಳೇ ಪೇಪರಿನ ಪೊಟ್ಟಣವೊಂದನ್ನು ತೆಗೆದು ತೋರಿಸಿದರು. ಮೂರು ಬಲ್ಬು.

"ಆರನೇ ಹೋಲ್ಡರಿಗೆ ಒಂದು ಹಾಕಬಾರದೇ?" ಎಂದೆ.

"ಇರ್ಲಿ ಬಿಡ್ರಿ. ಐದ್ರಾಗ ಕೆಲ್ಸ ಆಗ್ತೈತಿ."

ಹೊತ್ತು ಮುಳುಗಿ ಶೆಡ್ಡಿನೊಳಗೆ ಕತ್ತಲಾಗುತ್ತಿತ್ತು. ಅವರು ಹಲಗೆಯ ಸ್ವಿಚ್ಚು ಆರಿಸಿ, ಒಂದೊಂದೇ ಬಲ್ಬನ್ನು ಬಟ್ಟೆಯಿಂದ ಒರೆಸಿದರು. ಆಮೇಲೆ ಮೂಲೆಯಲ್ಲಿದ್ದ ಎಲ್‌ಇಡಿ ಹಾಕಿ, ಅದರ ಬೆಳಕಿನಲ್ಲಿ ತಂತಿ ಸುತ್ತಲು ಕೂತರು.