ಕೇಬಲ್ ಇದೆ, ಲೈಟೂ ಇದೆ, ನೆಟ್ ಯಾಕಿಲ್ಲ?

ಕಳೆದ ಸೆಮಿಸ್ಟರ್ ಲ್ಯಾಬ್ ಇಂಟರ್ನಲ್ಸ್ ದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಸಿಸ್ಟಮ್‌ಗಳೆಲ್ಲ ಆನ್ ಆದವು, ಸ್ವಿಚ್‌ನಲ್ಲಿ ಲೈಟೂ ಮಿನುಗುತ್ತಿತ್ತು. ನೆಟ್‌ವರ್ಕ್ ಮಾತ್ರ ಇಲ್ಲ! ಪ್ರೋಗ್ರಾಂ ಬರುವವರು, ಬಾರದವರು ಎಲ್ಲರೂ ಮುಕ್ಕಾಲು ಗಂಟೆ ಸುಮ್ಮನೆ ಕೂತೆವು. ಆಮೇಲೆ ಗೊತ್ತಾಯ್ತು, ಅಥೆಂಟಿಕೇಶನ್ ಸರ್ವರ್ ಎರಡಿದ್ದವು. ಆದರೆ ಎರಡೂ ಒಂದೇ ರ‍್ಯಾಕ್‌ನಲ್ಲಿ, ಒಂದೇ ಯುಪಿಎಸ್ ಮೇಲೆ. ಆ ಯುಪಿಎಸ್ಸೇ ಕೈಕೊಟ್ಟಿತ್ತು.

ಹಾಗಾದ್ರೆ ಈ ಸರ್ವರ್‌ಗಳನ್ನು ಎಲ್ಲಿಡಬೇಕು? ಮೊದಲು ಕೆಲಸ ಹೇಗೆ ನಡೆಯುತ್ತೆ ನೋಡೋಣ. ದೊಡ್ಡ ವೈರ್ಡ್ ನೆಟ್‌ವರ್ಕ್‌ಗಳಲ್ಲಿ 802.1ಎಕ್ಸ್ ಅನ್ನೋ ಐಇಇಇ ಸ್ಟ್ಯಾಂಡರ್ಡ್ ಬಳಸ್ತಾರೆ. ಇದು ಮೊದಲು ಬಂದದ್ದು 2001ರಲ್ಲಿ. ಇದರಲ್ಲಿ ಮೂವರು ಪಾತ್ರಧಾರಿಗಳು: ನಮ್ಮ ಕಂಪ್ಯೂಟರ್, ಸ್ವಿಚ್, ಸರ್ವರ್. ಸ್ವಿಚ್ ಬಾಗಿಲು ಕಾಯುತ್ತೆ, ಆದರೆ ಯಾರನ್ನು ಒಳಗೆ ಬಿಡಬೇಕು ಅಂತ ಅದಕ್ಕೆ ಗೊತ್ತಿಲ್ಲ. ಅದು ರೇಡಿಯಸ್ ಪ್ರೋಟೋಕಾಲ್‌ನಲ್ಲಿ, ಸಾಮಾನ್ಯವಾಗಿ ಯುಡಿಪಿ 1812ನೇ ಪೋರ್ಟ್‌ಗೆ, ಸರ್ವರನ್ನು ಕೇಳುತ್ತೆ. ಸರ್ವರ್ ಹೂಂ ಅಂದ್ರೆ ಪೋರ್ಟ್ ತೆರೆಯುತ್ತೆ.

ದೂರ ಎಷ್ಟಿರಬಹುದು? ಒಂದು ಲಾಗಿನ್‌ಗೆ ಹಲವು ಸಲ ಪ್ರಶ್ನೋತ್ತರ ನಡೆಯುತ್ತೆ. 10 ಸಲ ಅಂತಿಟ್ಟುಕೊಳ್ಳಿ. ಬೆಂಗಳೂರಲ್ಲಿ ಸರ್ವರ್, ಕಲಬುರಗಿಯಲ್ಲಿ ಬ್ರಾಂಚ್, ಹೋಗಿ ಬರಲು 40 ಮಿಲಿಸೆಕೆಂಡ್ ಆದರೆ ಒಟ್ಟು 400 ಮಿಲಿಸೆಕೆಂಡ್. ಯಾರಿಗೂ ಗೊತ್ತೇ ಆಗಲ್ಲ. ಅಂದ್ರೆ ನಿಜವಾದ ತೊಂದರೆ ದೂರ ಅಲ್ಲ, ಮಧ್ಯದ ಲಿಂಕ್ ಕಡಿದುಹೋಗೋದು. ಅದಕ್ಕೇ ದೊಡ್ಡ ಬ್ರಾಂಚ್‌ನಲ್ಲಿ ಒಂದು ಲೋಕಲ್ ಸರ್ವರ್ ಇಡೋದು ಒಳ್ಳೇದು. ಸಣ್ಣ ಬ್ರಾಂಚ್‌ಗೆ ಅಷ್ಟು ಖರ್ಚು ಬೇಡ. ಸರ್ವರ್ ಸಿಗದಿದ್ದಾಗ ಪೋರ್ಟನ್ನು ಮಿತವಾದ ಪರವಾನಗಿ ಇರುವ ಬೇರೆ ವಿಲ್ಯಾನ್‌ಗೆ ಹಾಕುವಂತೆ ಸ್ವಿಚ್‌ಗೆ ಹೇಳಿಟ್ಟರೆ ಸಾಕು.

ಇಲ್ಲೊಂದು ಬಲೆ ಇದೆ. ಸರ್ವರ್ ಬ್ರಾಂಚ್‌ನಲ್ಲಿದ್ದು, ಪಾಸ್‌ವರ್ಡ್ ಇರುವ ಡೈರೆಕ್ಟರಿ ಹೆಡ್ ಆಫೀಸಲ್ಲಿದ್ದರೆ? ಲಿಂಕ್ ಹೋದ ಕೂಡಲೇ ಆ ಲೋಕಲ್ ಸರ್ವರ್ ಇದ್ದೂ ಇಲ್ಲದಂತೆ. ಡೈರೆಕ್ಟರಿಯ ಒಂದು ಪ್ರತಿಯೂ ಹತ್ತಿರವೇ ಇರಬೇಕು.

ಇನ್ನು ಲೋಡ್. ಮಾಮೂಲಿ ದಿನ ಜನ ಒಬ್ಬೊಬ್ಬರಾಗಿ ಬರ್ತಾರೆ. ಕರೆಂಟ್ ಬಂದಾಗ ಹಾಗಲ್ಲ, ಎಲ್ಲರೂ ಹೊಸಬರೇ. 600 ಸಿಸ್ಟಮ್ ಒಂದೇ ನಿಮಿಷದಲ್ಲಿ ಎದ್ದರೆ, ತಲಾ 10 ಪ್ರಶ್ನೆಯಂತೆ 6000, ಅಂದ್ರೆ ಸೆಕೆಂಡಿಗೆ 100. ಲೆಕ್ಕ ಹಾಕಬೇಕಾದ್ದು ಈ ನಿಮಿಷಕ್ಕೆ, ದಿನದ ಸರಾಸರಿಗಲ್ಲ. ಅರ್ಧ ಸ್ವಿಚ್‌ಗಳಿಗೆ ಒಂದು ಸರ್ವರ್ ಮೊದಲು, ಉಳಿದರ್ಧಕ್ಕೆ ಇನ್ನೊಂದು ಮೊದಲು ಅಂತ ಹಂಚಬಹುದು. ಆದರೆ ಒಂದು ಬಿದ್ದರೆ ಇನ್ನೊಂದು ಪೂರ್ತಿ ಭಾರ ಹೊರುವಂತಿರಬೇಕು.

ಬದಲಾಗುವ ಸಮಯವನ್ನೂ ಮರೀಬೇಡಿ. ಸ್ವಿಚ್ 5 ಸೆಕೆಂಡ್‌ನಂತೆ 4 ಸಲ ಕಾದರೆ, ಎರಡನೇ ಸರ್ವರನ್ನು ಕೇಳುವಷ್ಟರಲ್ಲಿ 20 ಸೆಕೆಂಡ್ ಹೋಯ್ತು. ಸತ್ತ ಸರ್ವರನ್ನು ಸ್ವಲ್ಪ ಹೊತ್ತು ಪಟ್ಟಿಯಿಂದ ಬಿಡುವ ಸೆಟ್ಟಿಂಗ್ ಇಲ್ಲದಿದ್ದರೆ, ಪ್ರತಿಯೊಬ್ಬರಿಗೂ ಇದೇ ಪಾಡು.

ಕೊನೆಗೆ ಎಲ್ಲಕ್ಕಿಂತ ಅಗ್ಗದ ಉಪಾಯ: ಎರಡು ಸರ್ವರ್, ಎರಡು ಬೇರೆ ಕಟ್ಟಡ, ಎರಡು ಬೇರೆ ಯುಪಿಎಸ್. ಆಮೇಲೆ ರಜಾದಿನ ಒಂದರ ಕೇಬಲ್ ನಾವೇ ಕಿತ್ತು ನೋಡೋದು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನೋ ಗಾದೆ ನಮ್ಮ ಲ್ಯಾಬ್‌ಗೆ ಒಂದು ಸಲ ಸಾಕು, ಅಲ್ವಾ? ಇಂಟರ್ನಲ್ಸ್ ಏನೋ ಮತ್ತೆ ನಡೀತು, ಆದರೆ ಪ್ರಶ್ನೆ ಈ ಸಲ ಇನ್ನೂ ಕಷ್ಟ ಇತ್ತು!