ದುಡಿಯ ಮಾತು: ಚಿತ್ರಸಂಗೀತದಲ್ಲಿ ಸಮಾಜಪ್ರಜ್ಞೆ

ಚಲನಚಿತ್ರದಲ್ಲಿ ಸಂಗೀತವು ದೃಶ್ಯದ ಭಾವವನ್ನು ಪೋಷಿಸತಕ್ಕುದೆಂಬುದು ರೂಢಿಯ ಮಾತು. ದೃಶ್ಯದೊಡನೆ ಅದು ವಾದಕ್ಕಿಳಿಯುವುದೂ ಉಂಟು. 1972ರಲ್ಲಿ ತೆರೆಕಂಡ ಅಮೆರಿಕದ ‘ಸೂಪರ್ ಫ್ಲೈ’ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿಯ ಕಪ್ಪು ಜನರ ಪ್ರಾರ್ಥನಾಗೀತದಲ್ಲಿ ಬೇರೂರಿದ ಸೋಲ್, ರಾಗಕ್ಕಿಂತ ಲಯದ ಪೆಟ್ಟಿಗೆ ಪ್ರಾಧಾನ್ಯ ಕೊಡುವ ಫಂಕ್, ಈ ಎರಡು ಶೈಲಿಗಳನ್ನು ಬೆರೆಸಿ ಕರ್ಟಿಸ್ ಮೇಫೀಲ್ಡ್ ಅದಕ್ಕೆ ಹಾಡುಗಳನ್ನು ರಚಿಸಿದರು. ಮಾದಕವಸ್ತು ಮಾರುವ ನಾಯಕನನ್ನು ಚಿತ್ರವು ಬೆರಗಿನಿಂದ ನೋಡುತ್ತದೆ. ‘ಫ್ರೆಡೀಸ್ ಡೆಡ್’ ಎಂಬ ಹಾಡು ಆ ಲೋಕಕ್ಕೆ ಬಲಿಯಾದವನಿಗಾಗಿ ಮರುಗುತ್ತದೆ. ವಿಚಿತ್ರವೆಂದರೆ ಚಿತ್ರದಲ್ಲಿ ಕೇಳಿಬರುವುದು ಈ ಹಾಡಿನ ವಾದ್ಯಭಾಗವಷ್ಟೆ. ಮಾತುಗಳನ್ನು ಕೇಳಬೇಕಾದರೆ ಧ್ವನಿಮುದ್ರಿಕೆಗೇ ಹೋಗಬೇಕು.

ಮಾತಿಲ್ಲದ ವಾದ್ಯವೊಂದೇ ಅನ್ಯಾಯವನ್ನು ಹೇಳಬಲ್ಲುದೆ? ಕನ್ನಡದಲ್ಲಿ ಈ ಪ್ರಶ್ನೆಗೆ ‘ಚೋಮನ ದುಡಿ’ (1975) ಉತ್ತರ ಕೊಟ್ಟಿತು. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ತೆರೆಗೆ ತಂದವರು ಬಿ. ವಿ. ಕಾರಂತರು, ಸಂಗೀತವೂ ಅವರದೇ. ಅಸ್ಪೃಶ್ಯನೂ ಜೀತದಾಳೂ ಆದ ಚೋಮನಿಗೆ ತುಂಡು ನೆಲವನ್ನು ತಾನೇ ಉಳಬೇಕೆಂಬ ಆಸೆ. ಎತ್ತಿನ ಜೋಡಿಯಿದೆ, ನೆಲ ಕೊಡುವವರಿಲ್ಲ. ಧಣಿಯ ಮುಂದೆ ಆಡಲಾಗದುದನ್ನು ಅವನು ಗುಡಿಸಲಿಗೆ ಮರಳಿ ದುಡಿಯಲ್ಲಿ ಬಾರಿಸುತ್ತಾನೆ. ಸಂತೋಷಕ್ಕೂ ಅದೇ, ಸಿಟ್ಟಿಗೂ ಅದೇ. ಮಗನು ನೀರಿನಲ್ಲಿ ಮುಳುಗುತ್ತಿರುವಾಗ ಮೈಲಿಗೆಗೆ ಅಂಜಿ ಯಾರೂ ಮುಟ್ಟದೆ ನಿಂತರಲ್ಲ, ಆ ದುಃಖಕ್ಕೂ ಬೇರೆ ಭಾಷೆಯಿಲ್ಲ. ಕಡೆಗೆ ದುಡಿಯೂ ಪ್ರಾಣವೂ ಒಟ್ಟಿಗೆ ನಿಲ್ಲುತ್ತವೆ. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಸಂದವು.

ದುಡಿ ತುಳುನಾಡಿನ ವಾದ್ಯ. ಮಾಯಸಂದ್ರ, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಕಿವಿಗೆ ಬಳಕೆಯಾದುದು ತಮಟೆ. ಆದರೂ ಈ ಕಡೆಯ ಪ್ರೇಕ್ಷಕನಿಗೆ ಚೋಮನ ದುಡಿಗೆ ಟಿಪ್ಪಣಿ ಬೇಕಾಗದು. ಊರಹಬ್ಬಕ್ಕೆ ತಮಟೆ ಬೇಕು, ಬಾರಿಸುವವನು ಮಾತ್ರ ಗುಡಿಯ ಹೊರಗೇ ನಿಲ್ಲಬೇಕು ಎಂಬ ಕಟ್ಟಳೆ ನಾಡಿನ ಬಹುಭಾಗಕ್ಕೆ ಪರಿಚಿತವಾದುದೇ. 1970ರ ದಶಕದಿಂದ ದಲಿತ ಚಳವಳಿ ಬಲಗೊಂಡಂತೆ, ಇದು ಬಿಟ್ಟಿಚಾಕರಿಯ ಗುರುತೆಂದು ಕೆಲವರು ತಮಟೆಯನ್ನು ಕೈಬಿಟ್ಟರು. ಇನ್ನು ಕೆಲವರು ಹೋರಾಟದ ಹಾಡುಗಳಿಗೆ ಅದನ್ನೇ ಎತ್ತಿಕೊಂಡರು. ಈ ಎರಡು ನಿಲುವುಗಳಲ್ಲಿ ಒಂದನ್ನು ತಪ್ಪೆನ್ನಲು ನಮಗೆ ಧೈರ್ಯವಿಲ್ಲ. 2023ರಲ್ಲಿ ತಮಟೆವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ದೊರೆಯಿತು. ಚಿತ್ರಗಳಲ್ಲಿಯೂ ತಮಟೆಯ ಸದ್ದಿಗೆ ಕೊರತೆಯಿಲ್ಲ, ಕುಣಿತದ ಹಾಡುಗಳಲ್ಲಂತೂ ಧಾರಾಳ. ಬಾರಿಸುವ ಕೈ ಯಾರದೆಂದು ಮಾತ್ರ ಕ್ಯಾಮೆರಾ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ.